ವೈಫೈಗೊಂದು ತಗಡಿನ ಗೂಡು

ಹೊಸ ಟಿವಿ ಗೋಡೆಯೇರಿ ಕೂತ ದಿನದಿಂದ ಮನೆಯಲ್ಲಿ ಎಲ್ಲರ ಮುಖವೂ ಅದರ ಮುಖದಷ್ಟೇ ಕಪ್ಪಾಗಿತ್ತು. ಟಿವಿಗೆ ಮನೆಯ ವೈಫೈ ಸಿಗುತ್ತಿರಲಿಲ್ಲ. ಯಾವುದೂ ಸಿಗದಿದ್ದರೆ ಹೋಗಲಿ, ಅದರ ಹಣೆಬರಹ ಎಂದು ಬಿಡಬಹುದಿತ್ತು. ಪಕ್ಕದ ಮನೆಯವರದ್ದು ಸಿಗುತ್ತಿತ್ತು, ಕೆಳಗಿನ ಮನೆಯವರದ್ದು ಸಿಗುತ್ತಿತ್ತು, ರಸ್ತೆಯಾಚೆಯ ಹಲ್ಲಿನ ಡಾಕ್ಟರರದ್ದೂ ಬಂದು ಪರದೆಯ ಮೇಲೆ ಸಾಲಾಗಿ ನಿಲ್ಲುತ್ತಿತ್ತು. ತಮ್ಮದು ಮಾತ್ರ ಒಮ್ಮೆ ಒಂದು ಗೆರೆ ತೋರಿಸಿ, ಮಾವ ಏನಾದರೂ ಕೆಲಸ ಹೇಳಿಯಾನೆಂದು ಹೆದರಿದ ಅಳಿಯನ ಹಾಗೆ ಮರೆಯಾಗುತ್ತಿತ್ತು.

“ಅತ್ತೆ, ಊರಿನವರದ್ದೆಲ್ಲ ಕಾಣುತ್ತೆ, ನಮ್ಮದೇ ಕಾಣಲ್ಲ,” ಎಂದಳು ಸೊಸೆ, ರಿಮೋಟನ್ನು ಕೈಯಲ್ಲಿ ಕುಲುಕುತ್ತ.

“ಮನುಷ್ಯರ ಕಣ್ಣೂ ಹಾಗೇ ಅಲ್ವೇನೇ? ಅದನ್ಯಾಕೆ ಬಯ್ತೀಯ,” ಎಂದಳು ಅಜ್ಜಿ.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ವಾರಕ್ಕೊಂದು ರಜೆ, ಅದೂ ಟಿವಿಯ ಸೇವೆಗೆ ಹೋಗಿತ್ತು. ಟಿವಿ ತಂದದ್ದು ಅಜ್ಜಿಗಾಗಿಯೇ. ಹಳೆಯ ಹಾಡು, ಹಳೆಯ ಸಿನಿಮಾ ಎಂದು ಅಜ್ಜಿ ಸೊಸೆಯ ಫೋನನ್ನು ಮಡಿಲಲ್ಲಿಟ್ಟುಕೊಂಡು ಬಾವಿ ಇಣುಕಿದ ಹಾಗೆ ಬಗ್ಗಿ ಕೂರುತ್ತಿದ್ದಳು. ಕತ್ತು ನೆಟ್ಟಗಾಗಲಿ ಎಂದು ಸೊಸೆ ಇದನ್ನು ತರಿಸಿದ್ದಳು.

ಮಗ ಲಾರಿ ಓಡಿಸುತ್ತ ಎಲ್ಲೋ ದಾರಿಯಲ್ಲಿದ್ದ. ಅಲ್ಲಿಂದಲೇ ಫೋನಿನಲ್ಲಿ ಮದ್ದು ಹೇಳುತ್ತಿದ್ದ.

“ಟಿವಿ ಆಫ್ ಮಾಡಿ ಆನ್ ಮಾಡು.”

“ಮಾಡಿದೆ.”

“ರೌಟರ್ ಆಫ್ ಮಾಡಿ ಆನ್ ಮಾಡು.”

“ಅದೂ ಆಯ್ತು, ಗೋಡೆ ಸ್ವಿಚ್ಚಲ್ಲೇ ಮಾಡಿದೆ.”

“ಹಾಗಾದ್ರೆ ಎರಡನ್ನೂ ಒಟ್ಟಿಗೆ ಮಾಡಿ ನೋಡು.”

“ನೀವು ಮನೆಗೆ ಬನ್ನಿ, ನಿಮ್ಮನ್ನೂ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀನಿ,” ಎಂದು ಸೊಸೆ ಫೋನಿಟ್ಟಳು.

ಆ ಒಂದು ಗೆರೆ ಕಂಡಾಗಲೆಲ್ಲ ಅವಳು ಪಾಸ್‌ವರ್ಡ್ ಹೊಡೆದು ನೋಡಿದ್ದಳು. ರಿಮೋಟಿನ ಗುಂಡಿಯಲ್ಲಿ ಒಂದೊಂದೇ ಅಕ್ಷರಕ್ಕೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೋಗುವುದು ಎಂದರೆ ಹೇನು ಹೆಕ್ಕುವಷ್ಟು ತಾಳ್ಮೆಯ ಕೆಲಸ. ಅಷ್ಟೂ ಅಕ್ಷರ ಮುಗಿಯುವಷ್ಟರಲ್ಲಿ ಗೆರೆ ಮಾಯ. ಕೊನೆಗೆ ಅವಳು ನೆಟ್ ಕನೆಕ್ಷನ್ ಕೊಟ್ಟವನಿಗೇ ಫೋನ್ ಮಾಡಿದಳು. ಅವನು ಮಧ್ಯಾಹ್ನ ಬರುತ್ತೇನೆ ಎಂದ.

“ಬರೋದು ಬರ್ತಾನೆ, ನಾನು ಒಂದಿಷ್ಟು ನೆಟ್ಟಗೆ ಕಾಣಬೇಕಲ್ಲ,” ಎಂದು ಎದ್ದದ್ದು ಅಜ್ಜಿಯ ಗಂಡ. ಊರಿಗೆಲ್ಲ ಅವನು ಡಬ್ಬಿ ಮೇಸ್ತ್ರಿ. “ರೌಟರಿಗೆ ನಾನು ಮಾಡಿದ ಗೂಡು ಅವನು ನೋಡ್ತಾನೆ. ಯಾರು ಮಾಡಿದ್ದು ಅಂತ ಕೇಳೇ ಕೇಳ್ತಾನೆ. ನಾನು ಈ ಗಡ್ಡದಲ್ಲಿ ಇದ್ರೆ ಕೆಲಸಕ್ಕೆ ಮರ್ಯಾದೆ ಅಲ್ಲ. ಕ್ಷೌರ ಮಾಡಿಸ್ಕೊಂಡು, ಹಾಗೇ ಬ್ರೆಡ್ಡು ತರ್ತೀನಿ.”

ಅವನು ಮೆಟ್ಟಿಲಿಳಿಯುವ ಸದ್ದನ್ನು ಅಜ್ಜಿ ಕಿವಿಗೊಟ್ಟು ಕೇಳಿದಳು. ಬಹಳ ಕಾಲ ಆ ಸದ್ದೇ ಇರಲಿಲ್ಲ.

ಒಂದು ಕಾಲಕ್ಕೆ ತಗಡಿನವರ ಓಣಿ ಎಂದರೆ ಬೆಳಕು ಹರಿಯುವ ಮೊದಲೇ ಏಳುವ ಓಣಿ. ಅಂಗಡಿಯ ಮುಂದಿನ ಅರ್ಧ ಕೆಲಸಕ್ಕೆ, ಹಿಂದಿನ ಅರ್ಧ ಸಂಸಾರಕ್ಕೆ. ಮರದ ಸುತ್ತಿಗೆಗಳು ಒಂದಕ್ಕೊಂದು ಉತ್ತರ ಕೊಡುತ್ತ ಬೀದಿಯುದ್ದಕ್ಕೂ ಟಕಟಕ ಎನ್ನುತ್ತಿದ್ದವು. ಹೊಸದಾಗಿ ಮದುವೆಯಾಗಿ ಬಂದಾಗ ಅಜ್ಜಿಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಆ ಸದ್ದು ನಿಂತರೆ ಮಾತ್ರ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಹಾಲಿನ ಕ್ಯಾನು, ಲಾಳಿಕೆ, ಎಣ್ಣೆಯ ಅಳತೆ, ಬ್ರೆಡ್ಡಿನ ಅಚ್ಚು, ಶಾಲೆಗೆ ಹೋಗುವ ಮಕ್ಕಳ ಪುಟ್ಟ ಟ್ರಂಕು, ಗಿಡಕ್ಕೆ ನೀರೆರೆಯುವ ಝಾರಿ, ಎಲ್ಲವೂ ಮೇಸ್ತ್ರಿಯ ಕೈಯಿಂದ ಬರುತ್ತಿದ್ದವು. ಬೆಸುಗೆಯ ಹೊಗೆ ಅವನ ಅಂಗಿಗೆ ಎಷ್ಟು ಅಂಟಿತ್ತೆಂದರೆ, ಅಜ್ಜಿ ಕತ್ತಲೆಯಲ್ಲೂ ಮೂಗಿನಿಂದಲೇ ಗಂಡನನ್ನು ಗುರುತಿಸುತ್ತಿದ್ದಳು.

ಆಮೇಲೆ ಪ್ಲಾಸ್ಟಿಕ್ ಬಂತು. ಬಕೆಟ್ಟಾಗಿ ಬಂತು, ಕೊಡವಾಗಿ ಬಂತು, ಕೊನೆಗೆ ಲಾಳಿಕೆಯಾಗಿಯೂ ಬಂತು. ಓಣಿಯ ಸುತ್ತಿಗೆಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಮೇಸ್ತ್ರಿಯ ಅಂಗಡಿ ಕೊನೆಯವರೆಗೆ ಹಲ್ಲು ಕಚ್ಚಿ ನಿಂತಿತ್ತು. ಅದೂ ಮುಚ್ಚಿದ ಮೇಲೆ ಅವನು ಉಪಕರಣಗಳನ್ನು ಗೋಣಿಯಲ್ಲಿ ಗಂಟು ಕಟ್ಟಿ ಮಂಚದ ಕೆಳಗೆ ತಳ್ಳಿದ. ಮಂಚದ ಮೇಲೆ ತಾನು ಕೂತ. ಊಟಕ್ಕೆ ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ. ಮಾತಿಗೆ ಎಳೆದರೆ “ಹೂಂ”. ಜಗಳಕ್ಕೆ ಎಳೆದರೂ “ಹೂಂ”. ಜಗಳಕ್ಕೂ ಬಾರದ ಗಂಡನ ಜೊತೆ ಸಂಸಾರ ಮಾಡುವುದು ಗೋಡೆಗೆ ಬಡಿಸಿದ ಹಾಗೆ ಎಂದು ಅಜ್ಜಿ ಸೊಸೆಗೆ ಹೇಳಿ ನಗುತ್ತಿದ್ದಳು, ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು.

ಆ ಗಂಟು ಬಿಚ್ಚಿಸಿದ್ದು ಇರುವೆಗಳು. ಮನೆಗೆ ಬಂದ ಮೊದಲ ರೌಟರಿನ ಒಳಗೆ ಸಣ್ಣ ಇರುವೆಗಳು ಸೇರಿ ಸಂಸಾರ ಹೂಡಿ ಅದನ್ನು ಕೆಡಿಸಿದವು. ಹೊಸದು ಬಂದಾಗ ಸೊಸೆ, “ಇದಕ್ಕೊಂದು ಏನಾದ್ರೂ ಮುಚ್ಚಳ ಇದ್ದಿದ್ರೆ,” ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ಮಂಚದ ಮೇಲಿನ ತಲೆ ಮಾತ್ರ ಎದ್ದಿತು.

“ಎಷ್ಟು ಉದ್ದ ಅದು?” ಎಂದು ಕೇಳಿದ ಮೇಸ್ತ್ರಿ.

ಅವನು ಅಷ್ಟುದ್ದದ ಮಾತಾಡಿ ಎಷ್ಟು ಕಾಲವಾಗಿತ್ತೋ! ಹಿಂದಿನ ಬಾಲ್ಕನಿಯಲ್ಲಿ ಕೂತು, ಬೆಳಗ್ಗೆಯಿಂದ ಸಂಜೆಯವರೆಗೆ ತಗಡು ಬಡಿದ. ಲೋಟ ಹಿಡಿದರೆ ಚಹಾ ತುಳುಕುವಂಥ ನಡುಗುವ ಕೈ, ತಗಡು ಕತ್ತರಿ ಹಿಡಿದರೆ ನಿಲ್ಲುತ್ತಿತ್ತು. ಮೂಲೆಗಳನ್ನು ಬೆಸೆದ, ಅಂಚುಗಳನ್ನು ಬೆರಳಿಗೆ ತಾಗದಂತೆ ಮಡಿಸಿದ, ಪುಟ್ಟ ಬಾಗಿಲಿಗೆ ತಂತಿಯ ತಿರುಗಣೆ ಹಾಕಿದ, ಒಳಗೆ ಮಿನುಗುವ ದೀಪ ಕಾಣಲೆಂದು ಬಾಗಿಲಿಗೆ ಇರುವೆ ತೂರದಷ್ಟು ಸಣ್ಣ ರಂಧ್ರಗಳ ಸಾಲು ಕೊರೆದ. “ಪ್ಲಾಸ್ಟಿಕ್ಕು ನನ್ನ ಅಂಗಡಿ ನುಂಗ್ತು. ಈಗ ಪ್ಲಾಸ್ಟಿಕ್ಕಿಗೇ ಮನೆ ಕಟ್ಟಿಕೊಡ್ತಿದೀನಿ ನೋಡು,” ಎಂದು ನಕ್ಕ. ಸುತ್ತ ಮುಚ್ಚಿದ ಆ ಗೂಡು ಪಡಸಾಲೆಯ ಗೋಡೆ ಏರಿದ ದಿನದಿಂದ ಅವನು ಕರೆಯದೆ ಊಟಕ್ಕೆ ಬಂದ. ಉಪ್ಪು ಕಡಿಮೆ ಎಂದ. ಅಜ್ಜಿ ಬಯ್ದಳು, ಅವನೂ ತಿರುಗಿ ಬಯ್ದ. ಅಂದು ಅವಳಿಗೆ ಹೊಟ್ಟೆ ತುಂಬಿತು.

ಮನೆಯವರ ಫೋನುಗಳು ತಮ್ಮ ತಮ್ಮ ಸಿಮ್ಮಿನಲ್ಲೇ ಓಡುತ್ತಿದ್ದವು. ಗೂಡು ಸೇರಿದ ವೈಫೈ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಯಾರೂ ಮೂಗಿನ ಹತ್ತಿರ ಬೆರಳಿಟ್ಟು ನೋಡಿರಲಿಲ್ಲ. ಟಿವಿ ಬಂದದ್ದು ಆಮೇಲೆ.

ನೆಟ್ಟಿನವನು ಬಂದ. ಹೆಗಲಲ್ಲಿ ಚೀಲ, ಕಿವಿಯ ಮೇಲೆ ಸ್ಕ್ರೂ ಡ್ರೈವರು. ಮಕ್ಕಳೊಂದಿಗನಂತೆ ಕಾಣುತ್ತಿದ್ದ, ದನಿಯಲ್ಲಿ ದಿನವಿಡೀ ಮೆಟ್ಟಿಲು ಹತ್ತಿದ ದಣಿವು.

“ಟಿವಿ ಹತ್ರ ಒಬ್ರು ನಿಂತಿರಿ. ನಾನು ರೌಟರ್ ನೋಡ್ತೀನಿ. ಎಲ್ಲಿದೆ?”

ಅಜ್ಜಿ ಗೂಡನ್ನು ತೋರಿಸಿದಳು. ಸೊಸೆ ಒಳಕೋಣೆಯಲ್ಲಿ ಟಿವಿಯ ಮುಂದೆ ನಿಂತಳು. ಅವನು ಪುಟ್ಟ ಬಾಗಿಲು ತೆರೆದು ದೀಪಗಳನ್ನು ನೋಡಿದ.

“ಬಂತು!” ಎಂದು ಕೂಗಿದಳು ಸೊಸೆ. “ಪೂರ್ತಿ ಗೆರೆ!”

“ದೀಪ ಎಲ್ಲ ಸರಿ ಇದೆ,” ಎಂದು ಅವನು ಬಾಗಿಲು ಮುಚ್ಚಿದ.

“ಅಯ್ಯೋ, ಹೋಯ್ತು!”

ಅವನು ಮತ್ತೆ ತೆರೆದ. “ಬಂತು!” ಮುಚ್ಚಿದ. “ಹೋಯ್ತು! ಏನ್ರೀ ಆಟ ಆಡಿಸ್ತಿದೀರಾ?”

ನಡುವೆ ನಿಂತಿದ್ದ ಅಜ್ಜಿಗೆ ಎರಡೂ ಕಾಣುತ್ತಿತ್ತು, ಈ ಕಡೆ ಬಾಗಿಲು, ಆ ಕಡೆ ಪರದೆ. ಅವಳಿಗೆ ಅರ್ಥವಾಗಿಹೋಯಿತು.

ನೆಟ್ಟಿನವನು ಗೂಡಿಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದ. ಅದು ಟಣ್ ಎಂದಿತು. ಅವನಿಗೆ ನಗು ಬಂತು. “ಅಮ್ಮಾ, ಇದು ತಗಡು! ತಗಡಿನಿಂದ ವೈಫೈ ಆಚೆ ಬರಲ್ಲ. ಗಾಳಿಗೂ ಜಾಗ ಇಲ್ದ ಹಾಗೆ ಹೊಲಿದಿಟ್ಟಿದಾರೆ. ಯಾರ್ರೀ ಅದು, ಈ ಬಡಪಾಯಿನ ಜೈಲಿಗೆ ಹಾಕಿದ ಪುಣ್ಯಾತ್ಮ?”

“ನಮ್ಮ ಯಜಮಾನ್ರು,” ಎಂದಳು ಅಜ್ಜಿ.

ನಗು ಅಲ್ಲೇ ನಿಂತಿತು. ಅವನು ಕಿವಿಯ ಮೇಲಿನ ಸ್ಕ್ರೂ ಡ್ರೈವರನ್ನು ತೆಗೆದು ಜೇಬಿಗೆ ಹಾಕಿಕೊಂಡ. ಅದರ ಕೆಲಸವೇ ಇರಲಿಲ್ಲ.

ಸೊಸೆ ಓಡಿ ಬಂದು ಕೇಳಿಸಿಕೊಂಡಳು. ಅತ್ತೆಯ ಮುಖ ನೋಡಿದಳು. ಇಬ್ಬರಿಗೂ ಮೇಸ್ತ್ರಿ ಮಂಚದ ಮೇಲೆ ಕೂತಿದ್ದ ಆ ಕಾಲವೇ ಕಣ್ಣೆದುರು ಬಂದಿತ್ತು.

“ಮಾವನಿಗೆ ಹೇಳೋದೇ ಬೇಡ ಅತ್ತೆ,” ಎಂದಳು ಅವಳು ಪಿಸುದನಿಯಲ್ಲಿ. “ಮತ್ತೆ ಗಂಟು ಕಟ್ಟಿಬಿಡ್ತಾರೆ. ರೌಟರನ್ನ ಬೀರು ಮೇಲೆ ಪರದೆ ಹಿಂದೆ ಇಡೋಣ. ಗೂಡು ಅಲ್ಲೇ ಇರ್ಲಿ, ಬಾಗಿಲು ಮುಚ್ಚಿರ್ಲಿ. ಅವರೇನು ದಿನಾ ತೆರೆದು ನೋಡ್ತಾರಾ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ. ನೆಟ್ಟಿನವನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರೌಟರನ್ನು ಹೊರಗೆಳೆದು, ವೈರನ್ನು ಗೋಡೆಯಂಚಿಗೆ ಓಡಿಸಿ, ಪರದೆಯ ಮರೆಗೆ ಇಟ್ಟ. ಟಿವಿಯಲ್ಲಿ ಪಾಸ್‌ವರ್ಡ್ ಹಾಕಿದ. ಬಣ್ಣ ಉಕ್ಕಿ ಬಂತು. ಅಜ್ಜಿ ಅವನಿಗೆ ಚಹಾ ಇಟ್ಟಳು. ಅವನು ಕುಡಿದು ಮುಗಿಸುವ ಮೊದಲೇ ಮೆಟ್ಟಿಲ ಮೇಲೆ ಸದ್ದಾಯಿತು.

ಮೇಸ್ತ್ರಿ ಬಂದ. ಗಲ್ಲ ನುಣ್ಣಗೆ, ತಲೆ ಒದ್ದೆ, ಕಂಕುಳಲ್ಲಿ ಬ್ರೆಡ್ಡು. ಒಳಗಿನಿಂದ ಟಿವಿಯ ಹಾಡು ಕೇಳಿ ಬಾಗಿಲಲ್ಲೇ ನಿಂತ.

“ಬಂತಾ! ಏನಾಗಿತ್ತಂತೆ?”

“ಕಂಪನಿಯವರ ಕಡೆಯಿಂದಲೇ ತೊಂದ್ರೆ ಇತ್ತಂತೆ ಮಾವ,” ಎಂದಳು ಸೊಸೆ. ನೆಟ್ಟಿನವನು ಲೋಟದೊಳಗೆ ಮುಖ ಹುದುಗಿಸಿದ.

“ನಾನು ಹೇಳ್ಲಿಲ್ವಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗೆ ಆ ಟಿವಿನ ಬಯ್ತಿದ್ರಿ.” ಮೇಸ್ತ್ರಿ ನೇರ ಗೂಡಿನ ಹತ್ತಿರ ಹೋದ. ಅದರ ನೆತ್ತಿಯ ಮೇಲೆ ಅಂಗೈ ಇಟ್ಟ, ಮಗುವಿಗೆ ಜ್ವರ ಇಳಿದಿದೆಯೇ ಎಂದು ನೋಡುವವರ ಹಾಗೆ. “ನೋಡಿ, ಹೇಗೆ ತಣ್ಣಗೆ ಕೂತು ಕೆಲಸ ಮಾಡ್ತಿದೆ ಒಳಗೆ. ಇರುವೆಯಪ್ಪ ಬಂದ್ರೂ ಒಳಗೆ ನುಗ್ಗಲ್ಲ.”

ಖಾಲಿ ಗೂಡಿನ ಮೇಲೆ ಇಟ್ಟ ಆ ಕೈಯನ್ನು ಅಜ್ಜಿ ನೋಡಲಾರದೆ ಬ್ರೆಡ್ಡು ಈಸಿಕೊಂಡಳು.

“ಕ್ಷೌರದಂಗಡಿಯಲ್ಲಿ ಕೆಳಗಿನ ಮನೆಯವನು ಸಿಕ್ಕಿದ್ದ,” ಎಂದ ಮೇಸ್ತ್ರಿ ಹುರುಪಿನಿಂದ. “ಅವನ ವೈಫೈಗೂ ಒಂದು ಗೂಡು ಬೇಕಂತೆ. ನಾನೇ ಹೇಳ್ದೆ, ಮಾಡಿಕೊಡ್ತೀನಿ ಅಂತ. ಪಕ್ಕದವರಿಗೂ ಒಂದು ಮಾಡ್ತೀನಿ. ಆಮೇಲೆ ಹಲ್ಲಿನ ಡಾಕ್ಟರು. ತಗಡು ಇನ್ನೂ ಇದೆ, ಇವತ್ತೇ ಗೆರೆ ಎಳೀತೀನಿ.” ಹಾಗೆಂದು ಬಾಲ್ಕನಿಗೆ ನಡೆದ.

ಪಡಸಾಲೆಯಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇಡೀ ಬೀದಿ ವೈಫೈ ಜೈಲಿಗೆ ಹೋಗುತ್ತೆ,” ಎಂದ ನೆಟ್ಟಿನವನು ಮೆಲ್ಲಗೆ. ಅವನು ತಮಾಷೆಗೆ ಹೇಳಿರಲಿಲ್ಲ.

ಅಜ್ಜಿ ಯೋಚಿಸಿದಳು. ಕೆಳಗಿನ ಮನೆಯವನು ಒಳ್ಳೆಯವನೇ, ಆದರೆ ಬಾಯಿ ದೊಡ್ಡದು. ಅವನ ವೈಫೈ ಸತ್ತರೆ ಇಡೀ ಬೀದಿಗೆ ಸಾರುತ್ತಾನೆ, ಕ್ಷೌರದಂಗಡಿಯಲ್ಲಿ ನಗುತ್ತಾರೆ. ಆಗ ಈ ಮನುಷ್ಯ ಮಂಚ ಹತ್ತಿದರೆ ಮತ್ತೆ ಯಾರೂ ಇಳಿಸಲಾರರು. ಹೇಳದಿದ್ದರೆ ಹಾಗೆ. ಹೇಳಿದರೂ ಮಂಚವೇ ಎದುರಿಗಿತ್ತು.

ಬಾಲ್ಕನಿಯಿಂದ ತಗಡಿನ ಮೇಲೆ ಮೊಳೆ ಗೀರುವ ಸದ್ದು ಬಂತು. ಆ ಸದ್ದು ಅವಳನ್ನು ಓಣಿಗೆ ಎಳೆದೊಯ್ದಿತು. ಅಲ್ಲಿ ಪ್ರತಿ ಕ್ಯಾನು, ಪ್ರತಿ ಡಬ್ಬಿ ಮುಗಿದ ಮೇಲೂ ಒಂದು ಕೆಲಸ ಇರುತ್ತಿತ್ತು. ಅಂಗಡಿಯ ಬಾಗಿಲು, ಕಿಟಕಿ ಮುಚ್ಚಿ ಹಗಲನ್ನು ಕತ್ತಲೆ ಮಾಡುವುದು. ಹೊತ್ತಿಸಿದ ಪುಟ್ಟ ದೀಪವನ್ನು ಡಬ್ಬಿಯೊಳಗಿಟ್ಟು ಮುಚ್ಚುವುದು. ಆಗ ಮೇಸ್ತ್ರಿ ತಾನು ನೋಡುತ್ತಿರಲಿಲ್ಲ. “ನನ್ನ ಕೆಲಸಕ್ಕೆ ನನ್ನ ಕಣ್ಣು ಲಂಚ ತಿನ್ನುತ್ತೆ,” ಎಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ನೋಡಬೇಕಾದವಳು ಅವಳು. ಕತ್ತಲಲ್ಲಿ ಡಬ್ಬಿಯ ಸುತ್ತ ಬಗ್ಗಿ ಬಗ್ಗಿ ಬರುವಳು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಹೊರಬಿದ್ದರೆ “ಇಲ್ಲಿ ಸೋರ್ತಿದೆ” ಎಂದು ಬೆರಳಿಡುವಳು. ಬಸುರಿಯಾಗಿದ್ದಾಗಲೂ, ಮುನಿಸಿಕೊಂಡಿದ್ದಾಗಲೂ ಅದನ್ನು ತಪ್ಪಿಸಿರಲಿಲ್ಲ. ಅವನು ಎಷ್ಟೇ ದಣಿದಿದ್ದರೂ ಅವಳ ಮಾತಿಗೆ ಎದುರಾಡದೆ ಬೆಸುಗೆಯ ಕಬ್ಬಿಣವನ್ನು ಮತ್ತೆ ಕೆಂಡಕ್ಕೆ ಇಡುತ್ತಿದ್ದ. ಹೆಂಡತಿ ಎಂದು ಅವಳಿಗೆ ಸೀರೆ, ಸರ ತಂದುಕೊಟ್ಟವನಲ್ಲ. ತನ್ನ ಕೆಲಸದ ಕೊನೆಯ ಮಾತನ್ನು ಅವಳ ಬಾಯಿಗೆ ಬಿಟ್ಟಿದ್ದ.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬಾಲ್ಕನಿಗೆ ಹೋಗಿ ಅವನ ಎದುರು ನೆಲದ ಮೇಲೆ ಕೂತಳು.

“ರೀ.”

“ಹೇಳು.”

“ನಿಮ್ಮ ಗೂಡು ಎಲ್ಲೂ ಸೋರ್ತಿಲ್ಲ.”

“ಗೊತ್ತು.”

“ಅದೇ ತೊಂದ್ರೆ.”

ಮೊಳೆ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು. ಬಾಗಿಲು ತೆರೆದರೆ ಬಂದದ್ದು, ಮುಚ್ಚಿದರೆ ಹೋದದ್ದು. ಅವನು ತಗಡನ್ನೇ ನೋಡುತ್ತ ಕೇಳಿಸಿಕೊಂಡ.

“ಈಗ ಒಳಗಿಲ್ವಾ ಅದು?”

“ಇಲ್ಲ. ಬೀರು ಮೇಲಿದೆ.”

“ನಾನು ಕೈ ಇಟ್ಟಾಗ?”

“ಖಾಲಿ ಇತ್ತು.”

ಅವನು ತಗಡಿನ ಮೇಲೆ ಎಳೆದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು.

“ನಕ್ಕರಾ?”

“ನೆಟ್ಟಿನವನು ಒಂದು ಚೂರು. ಆಮೇಲೆ ನಿಲ್ಲಿಸಿದ.”

“ಸೊಸೆ?”

“ಅವಳು ಅಳೋ ಹಾಗಾಗಿದ್ಲು. ನಿಮಗೆ ನೋವಾಗ್ಬಾರ್ದು ಅಂತ ಅವಳೇ ಮುಚ್ಚಿಟ್ಟಿದ್ದು.”

ಮೇಸ್ತ್ರಿ ಮೊಳೆಯನ್ನು ಕೆಳಗಿಟ್ಟ. ಗೋಣಿಯನ್ನು ಹತ್ತಿರ ಎಳೆದುಕೊಂಡ. ಸುತ್ತಿಗೆಯನ್ನು ಅದರೊಳಗಿಟ್ಟ, ಅಳತೆಯ ಪಟ್ಟಿಯನ್ನು ಇಟ್ಟ. ಕತ್ತರಿಗೆ ಕೈ ಚಾಚಿದ. ಅಜ್ಜಿ ಕತ್ತರಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಅಷ್ಟೇನಾ? ಸೋರುತ್ತೆ ಅಂದಾಗ ಮರುಮಾತಿಲ್ದೆ ಕೂತು ಸರಿ ಮಾಡ್ತಿದ್ರಿ. ಸೋರಲ್ಲ ಅಂದ್ರೆ ಮಾತ್ರ ಗಂಟು ಕಟ್ತೀರಾ?”

“ಸೋರೋ ಹಾಗೆ ಮಾಡೋದನ್ನ ನನಗೆ ಯಾರೂ ಕಲಿಸಿಲ್ವಲ್ಲೇ,” ಎಂದ ಅವನು. ದನಿ ಸಣ್ಣದಾಗಿತ್ತು.

“ನನಗೆ ಮಾತ್ರ ಈ ಟಿವಿ, ರಿಮೋಟು ಎಲ್ಲ ಹುಟ್ಟಿನಿಂದ ಬಂತಾ? ಅಲ್ಲಿ ಕೂತಿದಾನಲ್ಲ ಅವನು, ಚಹಾ ಕುಡೀತಾ. ಕೇಳಿ. ಕೇಳಿದ್ರೆ ಹಲ್ಲು ಉದುರುತ್ತಾ? ಉದುರೋಕೆ ಎಷ್ಟು ಉಳಿದಿವೆ?”

ಅವನಿಗೆ ನಗು ಬರಲಿಲ್ಲ. ಎದ್ದು ಪಡಸಾಲೆಗೆ ಹೋದ. ಅಜ್ಜಿ ಕತ್ತರಿ ಹಿಡಿದುಕೊಂಡೇ ಹಿಂದೆ ಹೋದಳು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ನೆಟ್ಟಿನವನು ಲೋಟ ಇಟ್ಟು ಎದ್ದು ನಿಂತ.

“ಅದು ಯಾವ ಕಡೆಯಿಂದ ಆಚೆ ಹೋಗುತ್ತೆ?” ಎಂದು ಕೇಳಿದ ಮೇಸ್ತ್ರಿ.

“ಎಲ್ಲ ಕಡೆಯಿಂದ್ಲೂ ಯಜಮಾನ್ರೇ. ದೀಪ ಹೊತ್ತಿಸಿದ್ರೆ ಬೆಳಕು ಹೋಗುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಬಟ್ಟೆ, ಮರ ಇದ್ರೆ ತೂರಿಕೊಂಡು ಹೋಗುತ್ತೆ. ತಗಡಿದ್ರೆ ನಿಲ್ಲುತ್ತೆ.”

“ಬೆಳಕಾ?” ಮೇಸ್ತ್ರಿ ಗೂಡನ್ನು ನೋಡಿದ, ಹೆಂಡತಿಯನ್ನು ನೋಡಿದ. “ಬೆಳಕು ಅಂತ ಮೊದಲೇ ಯಾರಾದ್ರೂ ಹೇಳಬಾರ್ದಾ?”

ಅವನು ಗೂಡನ್ನು ಗೋಡೆಯಿಂದ ಇಳಿಸಿ ನೆಲದ ಮೇಲಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಕೈ ಚಾಚಿದ. ಅಜ್ಜಿ ಕತ್ತರಿ ಕೊಟ್ಟಳು. ಮೊದಲು ತಿರುಗಣೆಯ ತಂತಿ ಎಳೆದು ಬಾಗಿಲು ಕಳಚಿದ. ತಾನೇ ಬೆಸೆದ ಮೂಲೆಗೆ ಕತ್ತರಿಯ ಮೂತಿ ಇಟ್ಟಾಗ ಒಂದು ಕ್ಷಣ ತಡೆದ. ಆಮೇಲೆ ಒತ್ತಿದ. ಎದುರಿನ ಪಟ್ಟಿ ಕರ್ರನೆ ಬಿಚ್ಚಿಕೊಂಡಿತು.

“ಇಡಪ್ಪ ನಿನ್ನ ವೈಫೈನ ಒಳಗೆ. ಲೇ, ನೀನು ಟಿವಿ ಹತ್ರ ಹೋಗು. ನಿನ್ನ ಕಣ್ಣೇ ಬೇಕು ನನಗೆ.”

ಅಜ್ಜಿ ಒಳಕೋಣೆಗೆ ಹೋಗಿ ಟಿವಿಯ ಮುಂದೆ ನಿಂತಳು. ಹಾಡು ನಿಂತು ನಿಂತು ಬರುತ್ತಿತ್ತು.

“ಹೇಗಿದೆ?” ಎಂದು ಕೂಗಿದ ಅವನು.

“ಉಗ್ಗುತ್ತಿದೆ!”

ಕತ್ತರಿಯ ಸದ್ದು. ಅಂಚು ಮಡಿಸಿ ಸುತ್ತಿಗೆಯಿಂದ ಹದವಾಗಿ ತಟ್ಟುವ ಸದ್ದು. ಟಿವಿಯ ಕಡೆಯ ಪಕ್ಕ ತೆರೆದುಕೊಂಡಿತು. ಹಾಡು ಒಮ್ಮೆಲೇ ತೊಳೆದ ಕನ್ನಡಿಯಂತಾಯಿತು. ಹಾಡುವವಳ ಕಿವಿಯೋಲೆಯ ಹರಳು ಕೂಡ ಎಣಿಸುವ ಹಾಗೆ ಕಾಣುತ್ತಿತ್ತು.

“ಈಗ?”

ಅಜ್ಜಿ ಬಾಯಿ ತೆರೆದಳು. ಪಡಸಾಲೆಯಲ್ಲಿ ಅವನು ನೆಟ್ಟಿನವನಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಹೀಗಲ್ಲ, ಅಂಚನ್ನ ಎರಡು ಮಡಿಕೆ ಮಾಡ್ಬೇಕು. ಇಲ್ದಿದ್ರೆ ಧೂಳು ಒರೆಸೋಳ ಬೆರಳು ಹೋಗುತ್ತೆ. ಹಿಡ್ಕೊ ಈ ಕಡೆ. ಬಲಗಡೆನೂ ಹೀಗೇ ತೆಗೆದುಬಿಟ್ರೆ ನೋಡೋಕೆ ಚಂದ, ಮೇಲೊಂದು ಚಪ್ಪರ ಉಳಿಯುತ್ತೆ…” ಆ ದನಿಯಲ್ಲಿ ಓಣಿಯ ಬೆಳಗಿನ ಗಡಿಬಿಡಿ ಇತ್ತು.

“ಲೇ, ಕೇಳಿಸ್ತಾ? ಈಗ ಹೇಗಿದೆ?”

ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು. ಪರದೆ ನೋಡಿದಳು, ಅತ್ತೆಯನ್ನು ನೋಡಿದಳು. ಅಜ್ಜಿ ಅವಳಿಗೆ ಸುಮ್ಮನಿರು ಎಂದು ತುಟಿಗೆ ಬೆರಳಿಟ್ಟು, ಗಂಡನ ಕೆಲಸದ ವಿಷಯದಲ್ಲಿ ಬಾಳಿನಲ್ಲೇ ಮೊದಲ ಸಲ ಸುಳ್ಳು ಹೇಳಿದಳು.

“ಇನ್ನೂ ಸ್ವಲ್ಪ ಉಗ್ಗುತ್ತಾ ಇದೆ ಕಣ್ರೀ! ಆ ಬಲಗಡೆದನ್ನೂ ತೆಗೀರಿ!”